ಮಳೆಗಾಲಕ್ಕೊಂದು ಕೌದಿ, ಅಂಗಳಕ್ಕೆ ವರ್ಷವಿಡೀ ಹೂವು

ಕೌದಿ ಹೊಲಿಯುವ ಆಸೆ ಇದ್ದರೆ ಏಪ್ರಿಲ್‌ನಲ್ಲೇ ಶುರು ಮಾಡಿ. ಆಗಲೇ ಸೂಜಿ ಹಿಡಿಯಬೇಕಿಲ್ಲ, ಹಳೇ ಸೀರೆಗಳನ್ನು ಒಗೆದು ಒಣಗಿಸಿದರೆ ಸಾಕು. ಅರೆಬರೆ ಒಣಗಿದ ಬಟ್ಟೆಯನ್ನು ಐದು ಪದರದೊಳಗೆ ಸೇರಿಸಿ ಹೊಲಿದರೆ ಮುಗ್ಗು ವಾಸನೆ ಬಿಟ್ಟು ಹೋಗುವುದೇ ಇಲ್ಲ. ಜೂನ್ ಬಂತೆಂದರೆ ಗಿಡ ನೆಡುವ ಕೆಲಸ. ಮಳೆ ಜೋರಾಗಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಕಿಟಕಿ ಪಕ್ಕ ಕೂತು ಹೊಲಿಗೆ. ನವೆಂಬರ್ ಚಳಿ ಹೊತ್ತಿಗೆ ಹೊದೆಯಲು ಕೌದಿ ಸಿದ್ಧ, ಅಂಗಳದಲ್ಲಿ ಸೇವಂತಿಗೆಯೂ ಸಿದ್ಧ. ಹೊಲಿಗೆ ಮತ್ತು ಹೂದೋಟ ಎರಡನ್ನೂ ಹಚ್ಚಿಕೊಂಡವರಿಗೆ ನಮ್ಮ ಹವೆ ತಾನಾಗಿಯೇ ವೇಳಾಪಟ್ಟಿ ಹಾಕಿಕೊಟ್ಟಿದೆ. ಅದನ್ನು ಅನುಸರಿಸಿದರೆ ಎರಡರಲ್ಲೂ ಅವಸರ ಇರುವುದಿಲ್ಲ.

ಬೇಸಿಗೆ: ಬಟ್ಟೆ ಆರಿಸುವ ಕಾಲ

ಹತ್ತಿ ಬಟ್ಟೆಯನ್ನೇ ತೆಗೆದುಕೊಳ್ಳಿ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಪಂಚೆ, ಲುಂಗಿ ಎಲ್ಲಾ ನಡೆಯುತ್ತದೆ. ರೇಷ್ಮೆ ಮತ್ತು ಪಾಲಿಯೆಸ್ಟರ್ ಬೇಡ. ಅವು ಜಾರುತ್ತವೆ, ಪದರ ಒಂದರ ಮೇಲೊಂದು ನಿಲ್ಲುವುದಿಲ್ಲ, ಪಾಲಿಯೆಸ್ಟರ್ ಬೆವರನ್ನೂ ಹೀರುವುದಿಲ್ಲ. ಜರಿ ಅಂಚು ಇದ್ದರೆ ಕತ್ತರಿಸಿ ತೆಗೆಯಿರಿ, ಮೈಗೆ ಚುಚ್ಚುತ್ತದೆ. ಬಣ್ಣ ಬಿಡುವ ಅನುಮಾನ ಇರುವ ಬಟ್ಟೆಯ ಮೂಲೆಯನ್ನು ಬಿಸಿ ನೀರಲ್ಲಿ ಅದ್ದಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ಅದನ್ನು ಕೌದಿಗೆ ಸೇರಿಸಬೇಡಿ.

ಒಬ್ಬರು ಹೊದೆಯುವ ಕೌದಿಗೆ ಎರಡು ಸೀರೆ ಮತ್ತು ಒಂದಿಷ್ಟು ಬಣ್ಣದ ತುಂಡುಗಳು ಸಾಕು. ಸೀರೆ ಸುಮಾರು 18 ಅಡಿ ಉದ್ದ, 45 ಇಂಚು ಅಗಲ ಇರುತ್ತದೆ. ಮೊದಲ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದದ ಮೂರು ಪದರ ಸಿಗುತ್ತವೆ. ಇದು ಕೌದಿಯ ಹೊಟ್ಟೆ. ಎರಡನೇ ಸೀರೆಯಲ್ಲಿ 6 ಅಡಿ ಕತ್ತರಿಸಿದರೆ ಅಡಿ ಬಟ್ಟೆ ಆಯಿತು. ಉಳಿದದ್ದು ಮೇಲಿನ ತುಂಡುಗಳಿಗೆ. ಒಟ್ಟು ಐದು ಪದರ. ಇದಕ್ಕಿಂತ ದಪ್ಪ ಮಾಡುವ ಆಸೆ ಮೊದಲ ಸಲ ಬೇಡ, ಸೂಜಿ ದಾಟಿಸುವಷ್ಟರಲ್ಲಿ ಬೆರಳು ಸೋಲುತ್ತದೆ.

ಒಣಗಿದ ಬಟ್ಟೆಯನ್ನು ಮಡಚಿಟ್ಟು ಇನ್ನೊಂದು ಕೆಲಸ ನೋಡಿ. ಮಲ್ಲಿಗೆ ಬಳ್ಳಿ ಮಾರ್ಚ್‌ನಿಂದ ಹೂ ಬಿಡುತ್ತಿರುತ್ತದೆ. ದಿನವೂ ಬಿಡಿಸಿ, ಬೇರು ಒಣಗದಂತೆ ನೀರು ಕೊಡಿ. ಮುಂದಿನ ವರ್ಷವೂ ಹೀಗೇ ಬಿಡಬೇಕೆಂದರೆ ಡಿಸೆಂಬರ್‌ನಲ್ಲಿ ಸವರುವುದನ್ನು ಮರೆಯಬಾರದು. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ.

ಜೂನ್: ಗಡ್ಡೆ ಮತ್ತು ಬೀಜ

ಮಲೆನಾಡಿನಲ್ಲಿ ಮಳೆಗಾಲದ ರಾಣಿ ಡೇರೆ ಹೂವು, ಅಂದರೆ ಡೇಲಿಯಾ. ಶಿರಸಿ, ಸಾಗರ ಕಡೆ ಮನೆ ಮುಂದೆ ಸಾಲಾಗಿ ಡೇರೆ ಇಟ್ಟು ಪ್ರೀತಿಯಿಂದ ಬೆಳೆಸುವವರು ತುಂಬಾ ಜನ. ಗಡ್ಡೆ ಕೊಳ್ಳುವಾಗ ದಪ್ಪ ನೋಡಿ ಮರುಳಾಗಬೇಡಿ. ಗಡ್ಡೆ ಹಳೇ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಹತ್ತಿರ ಸಣ್ಣ ಕಣ್ಣು ಇರಬೇಕು. ಅಲ್ಲಿಂದಲೇ ಚಿಗುರು. ಕುತ್ತಿಗೆ ಮುರಿದು ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸಮ ಸಮ ಬೆರೆಸಿ, ತಳದಲ್ಲಿ ತೂತಿರುವ ಚೀಲದಲ್ಲಿ ನೆಡಿ. ಚಿಗುರು ಮೇಲೆ ಕಾಣುವವರೆಗೆ ನೀರು ಕಮ್ಮಿ. ಮೂರ್ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಹತ್ತಿರವೇ ಒಂದು ಕೋಲು ನೆಟ್ಟು ಕಾಂಡವನ್ನು ಸಡಿಲವಾಗಿ ಕಟ್ಟಿ. ಜಡಿಮಳೆ ನೇರವಾಗಿ ಬೀಳದ ಜಾಗದಲ್ಲಿ, ಮಾಡಿನ ಅಂಚಿಗೆ ಇಟ್ಟರೆ ಚೌತಿ ಹೊತ್ತಿಗೆ ಹೂವು ನೋಡಬಹುದು.

ದಸರಾ, ದೀಪಾವಳಿಗೆ ಚೆಂಡು ಹೂ ಬೇಕಿದ್ದರೆ ಜುಲೈನಲ್ಲಿ ಬೀಜ ಹಾಕಿ. ಸುಮಾರು ಒಂದು ತಿಂಗಳಲ್ಲಿ ಸಸಿ ಕಿತ್ತು ನೆಡಬಹುದು.

ಮಳೆಗಾಲ: ಸೂಜಿ ದಾರದ ದಿನಗಳು

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಕಡೆ ಕೌದಿ ಮನೆಮನೆಯ ವಸ್ತು. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರನ್ನು ಅಲ್ಲಿನವರು ಈಗಲೂ ನೆನೆಯುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೈಯಲ್ಲಿ ಇದೇ ಕೌದಿ ಬೇರೆಯದೇ ರೂಪ ತಾಳುತ್ತದೆ. 2011ರಲ್ಲಿ ಅವರ ಕೌದಿಗಳು ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕೆಂದೇ ಇರುವ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ನಾನು ಇಲ್ಲಿ ಹೇಳುತ್ತಿರುವುದು ಅವರ ಕ್ರಮವನ್ನೇ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಏಕೆಂದರೆ ಮೇಲಿನ ತುಂಡುಗಳನ್ನು ಮೊದಲೇ ಲೆಕ್ಕ ಹಾಕಿ, ಒಂದಕ್ಕೊಂದು ಜೋಡಿಸಿ ಹೊಲಿದಿಟ್ಟುಕೊಳ್ಳಬೇಕಿಲ್ಲ. ಹೊಲಿಯುತ್ತಾ ಹೋದಂತೆ ಇಡುತ್ತಾ ಹೋದರಾಯಿತು.

ನೆಲ ಗುಡಿಸಿ ಒರೆಸಿ ಅಡಿ ಬಟ್ಟೆ ಹಾಸಿ, ಒಳಮೈ ಮೇಲೆ ಬರಲಿ. ಮೂರು ಮಡಿಕೆಯ ಸೀರೆಯನ್ನು ನಾಲ್ಕೂ ಕಡೆ ಒಂದೊಂದು ಇಂಚು ಕಮ್ಮಿ ಮಾಡಿ ಅದರ ಮೇಲಿಡಿ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಉದ್ದ ಉದ್ದದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಡಿ. ಇದೊಂದು ಕೆಲಸಕ್ಕೆ ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು, ಒಬ್ಬರು ಎಳೆದು ಹಿಡಿಯಬೇಕು, ಒಬ್ಬರು ಹೊಲಿಯಬೇಕು. ಆಮೇಲೆ ಅಡಿ ಬಟ್ಟೆಯ ಉಳಿದ ಒಂದು ಇಂಚನ್ನು ಒಳಪದರದ ಮೇಲೆ ಮಡಚಿ.

ಈಗ ಒಂದು ಮೂಲೆಯಿಂದ ಶುರು. ಮೊದಲ ತುಂಡಿನ ಹೊರ ಅಂಚುಗಳನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಕೌದಿಯ ಅಂಚಿಗೆ ಸರಿಯಾಗಿ ಇಡಿ. ಅಂಚಿನಗುಂಟ ಸಾದಾ ಹೊಲಿಗೆ ಹಾಕುತ್ತಾ ಬನ್ನಿ. ತುಂಡು ಮುಗಿಯುವ ಮುಂಚೆ ಮುಂದಿನದನ್ನು ಇಡಿ. ಹಿಂದಿನ ತುಂಡಿನ ಕತ್ತರಿಸಿದ ಅಂಚಿನ ಮೇಲೆ ಹೊಸದರ ಮಡಚಿದ ಅಂಚು ಬರಬೇಕು. ಎಳೆ ಬಿಡುವ ಅಂಚು ಎಲ್ಲೂ ಹೊರಗೆ ಕಾಣಬಾರದು. ಕೌದಿ ಹತ್ತಾರು ವರ್ಷ ಬಾಳುವುದು ಈ ಮಡಿಕೆಯಿಂದಲೇ. ಮೂಲೆ ಬಂದಾಗ ತಿರುಗಿ, ನಾಲ್ಕೂ ಕಡೆ ಒಂದು ಸುತ್ತು ಮುಗಿಸಿ, ಒಂದು ಇಂಚು ಒಳಗೆ ಸರಿದು ಮತ್ತೊಂದು ಸುತ್ತು. ಹೀಗೆ ಅಂಚಿನಿಂದ ನಡುವಿಗೆ ಸುಮಾರು 22 ಸುತ್ತು. ಪಳಗಿದ ಕೈಯವರು ಸಾಲುಗಳನ್ನು ಅರ್ಧ ಇಂಚಿಗೇ ಇಡುತ್ತಾರೆ. ಕೊನೆಯ ತುಂಡನ್ನು ನಾಲ್ಕೂ ಕಡೆ ಮಡಚಿ ನಡುವೆ ಮುಚ್ಚಬೇಕು.

ದಾರ ದಪ್ಪ ಹತ್ತಿಯದೇ ಇರಲಿ, 100 ಮೀಟರಿಗೆ ಕಮ್ಮಿ ಇಲ್ಲದಂತೆ ತಂದಿಟ್ಟುಕೊಳ್ಳಿ. ಒಮ್ಮೆಗೆ ಎರಡು ಮೊಳಕ್ಕಿಂತ ಉದ್ದ ಪೋಣಿಸಬೇಡಿ, ಸಿಕ್ಕು ಬೀಳುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ದಾರ ಸಲೀಸಾಗಿ ಓಡುತ್ತದೆ. ನಡುಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ. ಗಂಟನ್ನು ಪದರದ ಒಳಗೆ ಅಡಗಿಸಿ. ಹೊಲಿಗೆ ಸಾಲು ಸ್ವಲ್ಪ ಡೊಂಕಾದರೆ ಬಿಚ್ಚಬೇಡಿ. ಕೈಯಲ್ಲಿ ಹೊಲಿದ ಕೌದಿಯಲ್ಲಿ ಸಾಲುಗಳು ಅಲೆ ಅಲೆಯಾಗಿ ಹೋಗುವುದೇ ಚೆಂದ, ಅಲ್ವಾ? ಆದರೆ ದಾರವನ್ನು ಬಿಗಿಯಾಗಿ ಎಳೆದು ಬಟ್ಟೆ ಸುಕ್ಕಾಗಿದ್ದರೆ ಮಾತ್ರ ಬಿಚ್ಚಲೇಬೇಕು, ಆ ಸುಕ್ಕು ಮುಂದಿನ ಸುತ್ತಿಗೂ ಹೋಗುತ್ತದೆ. ಮೆಷಿನ್‌ನಲ್ಲೇ ಹೊಲಿಯುವವರು 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಜಾಸ್ತಿ ಇಡಿ. ಮೆಷಿನ್ ಕೌದಿ ಬೇಗ ಆಗುತ್ತದೆ ನಿಜ, ಕೈ ಹೊಲಿಗೆಯ ಮೆತ್ತನೆ ಅದಕ್ಕೆ ಬರುವುದಿಲ್ಲ.

ಉಳಿದದ್ದು ಮೂಲೆಗಳು. ಸಿದ್ದಿ ಹೆಂಗಸರು ನಾಲ್ಕೂ ಮೂಲೆಗೆ ಬಟ್ಟೆಯ ಹೂ ಇಡುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ. ಹೂ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ. ಮೂರು ಇಂಚಿನ ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಮಡಚಿ, ಇನ್ನೊಮ್ಮೆ ಮಡಚಿದರೆ ಪುಟ್ಟ ತ್ರಿಕೋನ. ಅಂಥ ಎರಡು ಮೂರನ್ನು ಬೇರೆ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ಇಟ್ಟು ಮೂಲೆಗೆ ಗಟ್ಟಿಯಾಗಿ ಹೊಲಿಯಿರಿ. ಅವಸರ ಬೇಡ, ಈ ತುಂಡುಗಳಿಗೆ ಬಣ್ಣ ಅಂಗಳದಿಂದಲೇ ಬರುತ್ತದೆ.

ದೀಪಾವಳಿ ಕಳೆದ ಮೇಲೆ: ಚೆಂಡು ಹೂವಿನ ಬಣ್ಣ

ಬಾಗಿಲಿಗೆ ಕಟ್ಟಿದ ಹೂಮಾಲೆಯನ್ನು ಎಸೆಯಬೇಡಿ, ದಳಗಳನ್ನು ಬಿಡಿಸಿಕೊಳ್ಳಿ. 100 ಗ್ರಾಂ ಬಿಳಿ ಹತ್ತಿ ಬಟ್ಟೆಗೆ ಸುಮಾರು 200 ಗ್ರಾಂ ದಳ ಬೇಕು. ಹತ್ತಿಗೆ ಬಣ್ಣ ಸುಮ್ನೆ ಹಿಡಿಯುವುದಿಲ್ಲ. ಮೊದಲು 20 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ತೊಳೆಯದೆ ಒಣಗಿಸಿ. ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ಬಿಸಿ ನೀರಲ್ಲಿ ಮೂರ್ನಾಲ್ಕು ಗಂಟೆ ಬಿಡಿ. ದಳಗಳನ್ನು ಸ್ಟೀಲ್ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಬಟ್ಟೆ ಹಾಕಿ ಇನ್ನರ್ಧ ಗಂಟೆ ಬಿಸಿ ಮಾಡಿ, ಅದೇ ನೀರಲ್ಲಿ ತಣಿಯಲು ಬಿಡಿ. ನೆರಳಲ್ಲಿ ಒಣಗಿಸಿದರೆ ಒಳ್ಳೆಯ ಹಳದಿ ಬರುತ್ತದೆ. ಕಬ್ಬಿಣದ ಪಾತ್ರೆಯಾದರೆ ಬಣ್ಣ ಹಸಿರು ಮಿಶ್ರಿತ ಕಂದಾಗುತ್ತದೆ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಹಾರುತ್ತದೆ, ಚೆಂಡು ಹೂವಿನದು ಅದಕ್ಕಿಂತ ಗಟ್ಟಿ. ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಚಳಿಗಾಲ: ಸೇವಂತಿಗೆ

ರಾತ್ರಿ ಉದ್ದವಾದಾಗಲೇ ಸೇವಂತಿಗೆ ಮೊಗ್ಗು ಕಟ್ಟುವುದು. ಗಿಡ ಸೊಂಪಾಗಿದ್ದೂ ಮೊಗ್ಗೇ ಬರುತ್ತಿಲ್ಲ ಎಂದರೆ ಗೊಬ್ಬರ ಹಾಕುವ ಮುಂಚೆ ರಾತ್ರಿ ಹೋಗಿ ನೋಡಿ. ಬೀದಿ ದೀಪವೋ ಗೇಟಿನ ಬಲ್ಬೋ ಅದರ ಮೇಲೆ ಬೀಳುತ್ತಿರಬಹುದು. ಗಿಡಕ್ಕೆ ಕತ್ತಲು ಸಿಗಬೇಕು, ಕುಂಡವನ್ನು ಪಕ್ಕಕ್ಕೆ ಸರಿಸಿ.

ಹೂವು ಮುಗಿದ ಮೇಲೆ ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿದರೆ ಬುಡದಲ್ಲಿ ಮರಿಗಳು ಏಳುತ್ತವೆ. ಬೇರು ಸಮೇತ ಬಿಡಿಸಿ ಚಿಕ್ಕ ಚೀಲಗಳಲ್ಲಿ ನೆಟ್ಟು, ಬೇಸಿಗೆ ಕಳೆಯುವವರೆಗೆ ಅರೆನೆರಳಲ್ಲಿಡಿ. ಮಳೆ ಶುರುವಾದಾಗ ದೊಡ್ಡ ಕುಂಡಕ್ಕೆ ಹಾಕಿ, ತಿಂಗಳಾದ ಮೇಲೆ ತುದಿ ಚಿವುಟಿ. ಡೇರೆ ಎಲೆ ಒಣಗಿದ್ದರೆ ಗಡ್ಡೆ ಕಿತ್ತು, ಮಣ್ಣು ಕೊಡವಿ, ಒಣ ಮರಳಲ್ಲಿ ಹೂತು ತಂಪು ಜಾಗದಲ್ಲಿಡಿ. ಕೌದಿಯನ್ನು ಸುಮ್ಮಸುಮ್ಮನೆ ಒಗೆಯುವುದು ಬೇಡ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿದರೆ ಸಾಕು. ಒಗೆಯಲೇಬೇಕಾದರೆ ಫೆಬ್ರವರಿಗೆ ಇಟ್ಟುಕೊಳ್ಳಿ. ನೀರು ಹೀರಿದ ಕೌದಿ ಬಹಳ ಭಾರ, ಹಗ್ಗಕ್ಕೆ ನೇತು ಹಾಕಿದರೆ ಹೊಲಿಗೆ ಜಗ್ಗುತ್ತದೆ. ತಾರಸಿ ಮೇಲೆ ಹರವಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ.