ಮಂಗನಿಗೆ ಸಡಿಲ ಬಲೆ, ಹಂದಿಗೆ ದಬ್ಬೆ

ಈ ವರ್ಷ ನಮ್ಮ ಮನೆಯ ಜಂತಿಯಲ್ಲಿ ಹದಿನೈದಿಪ್ಪತ್ತು ಮೊಗೆಕಾಯಿ (ಸಾಂಬಾರು ಸೌತೆ) ಬಾಳೆನಾರಿನಲ್ಲಿ ತೂಗುತ್ತಿವೆ. ಮಲೆನಾಡಿನವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸಂತೆಯಿಂದ ತಂದು ತೂಗುಹಾಕಿದ್ದಲ್ಲ, ಹಿತ್ತಲಲ್ಲೇ ಬೆಳೆದದ್ದು. ಮಂಗ, ಹಂದಿ ನುಗ್ಗದಂತೆ ನಾನು ಹಿತ್ತಲಿಗೆ ಮೀನಿನ ಬಲೆ ಕಟ್ಟುವಾಗ ನಕ್ಕವರೇ ಈಗ ಅಳತೆ ಕೇಳಲು ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಬರೆದು ಇಡುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕು. ಮನೆ ಹಿಂದೆ ನಾಲ್ಕು ಗುಂಟೆ ಹಿತ್ತಲು, ಮೂರು ಕಡೆ ಬೆಟ್ಟ, ಒಂದು ಕಡೆ ತೋಟ. ಹಗಲು ಮಂಗ, ಮುಸಿಯ (ಕಪ್ಪು ಮುಖದ ಉದ್ದ ಬಾಲದ ಕೋತಿ). ರಾತ್ರಿ ಹಂದಿ, ಮುಳ್ಳುಹಂದಿ. ಬೆಳಗಿನ ಜಾವ ನವಿಲು. ಹೆಗ್ಗಣಕ್ಕೆ ಹೊತ್ತುಗೊತ್ತು ಇಲ್ಲ.

ಮೊದಲು ಎಲ್ಲರಂತೆ ಹೆದರಿಸುವ ಸಾಮಾನಿಗೇ ದುಡ್ಡು ಹಾಕಿದೆ. ಪ್ಲಾಸ್ಟಿಕ್ ಹಾವು, ಹುಲಿ ಬೊಂಬೆ, ಮಿಂಚುವ ರಿಬ್ಬನ್. ಯಾವುದೂ ಒಂದು ವಾರದ ಮೇಲೆ ಬಾಳಲಿಲ್ಲ. ಹುಲಿ ಬೊಂಬೆಯ ಬೆನ್ನ ಮೇಲೆ ಕೂತು ಸೌತೆಕಾಯಿ ತಿಂದ ಮಂಗನನ್ನು ಕಣ್ಣಾರೆ ಕಂಡಿದ್ದೇನೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದದ್ದು ಪೇಪರಿನಲ್ಲೆಲ್ಲ ಬಂದಿತ್ತು, ನೆನಪಿದೆಯಾ? ನಮ್ಮ ಮಕ್ಕಳೂ ಬಣ್ಣ ತರಲು ಹೊರಟಿದ್ದರು. ನಮ್ಮ ನಾಯಿ ಮಂಗ ಕಂಡರೆ ಬಚ್ಚಲೊಲೆ ಹತ್ತಿರ ಹೋಗಿ ಮಲಗುವ ಜಾತಿ, ಹಾಗಾಗಿ ಬಣ್ಣದ ಖರ್ಚು ಉಳಿಯಿತು. ಢಂ ಎಂದು ಸದ್ದು ಮಾಡುವ ಪೈಪಿನ ಕಾರ್ಬೈಡ್ ಗನ್ನಿಗೆ ಮಂಗ ಓಡುವುದೇನೋ ನಿಜ. ಆದರೆ ದಿನವಿಡೀ ಅದನ್ನು ಹಿಡಿದು ಕಾಯುವವರು ಯಾರು? ಬೆಂಕಿ ಕಣ್ಣಿಗೆ ಹಾರುವ ಭಯ ಬೇರೆ. ಮಕ್ಕಳಿರುವ ಮನೆಗೆ ಅದು ಬೇಡ.

ಆಮೇಲೆ ಸೋಲಾರ್ ಬೇಲಿ. ಬ್ಯಾಟರಿ, ಯಂತ್ರ, ತಂತಿ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಬಿತ್ತು. ಹಂದಿ ನಿಂತಿತು, ಸುಳ್ಳು ಹೇಳುವುದಿಲ್ಲ. ಮುಳ್ಳುಹಂದಿ ತಂತಿಯ ಅಡಿಯಲ್ಲೇ ನುಸುಳಿ ಗೆಣಸು ಕಿತ್ತಿತು. ಮಂಗ ಹಲಸಿನ ಮರದಿಂದ ಸೀದಾ ಒಳಗೆ ಹಾರಿತು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಹೋಗುತ್ತದೆ. ಆಷಾಢದ ಮಳೆಯಲ್ಲಿ ದಿನಾ ಹುಲ್ಲು ಸವರುತ್ತಾ ಕೂರಲು ಆಗುತ್ತದಾ?

ಇಡೀ ಹಿತ್ತಲಿಗೆ ಕಬ್ಬಿಣದ ಮೆಶ್ ಹೊದಿಸಲು ಲೆಕ್ಕ ಕೇಳಿದೆ. ಒಂದೂವರೆ ಲಕ್ಷ ಅಂದರು. ಅಷ್ಟಕ್ಕೆ ಜೀವಮಾನದ ತರಕಾರಿ ಸಂತೆಯಲ್ಲೇ ಬರುತ್ತದೆ.

ಹಾಗೆ ಮೀನಿನ ಬಲೆಗೆ ಬಂದೆ. ಹೊನ್ನಾವರದ ಕಾಸರಕೋಡು ಬಂದರಿನ ಹತ್ತಿರ ಹಳೆ ಬಲೆ ತೂಕದ ಲೆಕ್ಕದಲ್ಲಿ ಸಿಗುತ್ತದೆ. ನಾನು ತಂದಾಗ ಕೆಜಿಗೆ 60 ರೂಪಾಯಿಯ ಆಸುಪಾಸು. ಒಂದು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ ತಂದೆ, ಪಿಕಪ್ಪಿನಲ್ಲಿ ಗೇರುಸೊಪ್ಪೆ ಘಾಟಿ ಹತ್ತಿಸಿ. ಬಾಡಿಗೆ ನಾಲ್ಕು ಸಾವಿರ. ಮೀನಿನ ವಾಸನೆಯ ಗಂಟು ಅಂಗಳಕ್ಕೆ ಬಂದದ್ದೇ ತಡ, ಅಮ್ಮ ನನ್ನ ಹತ್ತಿರ ಮಾತು ಬಿಟ್ಟರು. ಊರಿನ ಬೆಕ್ಕುಗಳೆಲ್ಲ ಬಂದು ಕೂತವು.

ಎಲ್ಲರೂ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ನಾನೂ ಹಾಗೇ ಕಟ್ಟಿಸಿದ್ದೆ, ನೋಡಲು ಚೆಂದ ಇತ್ತು. ಮಂಗಗಳಿಗೂ ಚೆಂದವೇ ಆಯಿತು. ಡಾಂಬರು ರಸ್ತೆಯಂತೆ ಮೇಲೆ ಓಡಾಡಿದವು. ಹಲ್ಲಿನಲ್ಲಿ ಬಲೆಯ ಒಂದು ಕಣ್ಣು ಹರಿದರೆ ಬಿಗಿಗೆ ಅದೇ ದೊಡ್ಡದಾಗುತ್ತಿತ್ತು. ಆದರೆ ಬಾವಿಯ ಮೂಲೆಯಲ್ಲಿ ಒಂದು ಹಗ್ಗ ಜಾರಿ ಬಲೆ ಹೊಟ್ಟೆ ಬಿಟ್ಟುಕೊಂಡಿತ್ತು. ಆ ಕಡೆಗೆ ದೊಡ್ಡ ಮಂಗ ಒಂದೂ ಕಾಲಿಡಲಿಲ್ಲ. ಒಂದು ಮರಿ ಮಾತ್ರ ಕಾಲಿಟ್ಟು ನೋಡಿತು, ಬಲೆ ತೂಗಿತು, ಕೈಕಾಲು ಕಣ್ಣಿನೊಳಗೆ ಇಳಿಯಿತು, ಕಿರುಚಿಕೊಂಡು ಓಡಿತು. ಅವತ್ತೇ ಕೆಲಸದವರನ್ನು ಕರೆಸಿ ಎಲ್ಲ ಹಗ್ಗ ಸಡಿಲ ಮಾಡಿಸಿದೆ. ಅವರು ನನ್ನ ಮುಖ ನೋಡಿದರು. ಭಾವ ಬಂದವರು, 'ಇದೆಂತ ಮಾರಾಯ, ಬಲೆ ಒಣ ಹಾಕಿದ್ಯಾ?' ಅಂದರು.

ಈಗಿರುವುದು ಹೀಗೆ. ಬಿದಿರಿನ ಗಳ ಹತ್ತು ಹನ್ನೆರಡು ಅಡಿಗೊಂದು. ಅಂಚಿನ ಗಳಗಳ ತುದಿ ತೆಳ್ಳಗೆ, ಬಾಗುವಂತಿರಬೇಕು. ಮಂಗ ಹತ್ತಿದರೆ ತುದಿ ಹೊರಗೆ ಬಗ್ಗಬೇಕು. ಅದಕ್ಕೆ ಹಿಡಿದು ಕೂರಲು ಗಟ್ಟಿ ಜಾಗವೇ ಸಿಗಬಾರದು. ಮೇಲಿನ ಬಲೆ ಎರಡು ಗಳದ ನಡುವೆ ಒಂದೂವರೆ ಎರಡು ಅಡಿ ಜೋತು ಬೀಳಬೇಕು. ಜೋತು ಬಿದ್ದ ಜಾಗದಲ್ಲೂ ನಮ್ಮ ತಲೆಗೆ ತಾಗದಷ್ಟು ಎತ್ತರ ಇಟ್ಟುಕೊಳ್ಳಿ. ಹಲಸಿನ ಕೊಂಬೆ ಕಡಿಸಿದ್ದಕ್ಕೆ ಸ್ವಲ್ಪ ಬೇಜಾರಿದೆ, ಬೇರೆ ದಾರಿ ಇರಲಿಲ್ಲ. ಹೀರೆ, ಪಡವಲದ ಬಳ್ಳಿ ಬಲೆಗೆ ಹಬ್ಬಲು ಬಿಡಬೇಡಿ. ಕಾಯಿ ಮೇಲೆ ಬಂದರೆ ಮಂಗ ಹೊರಗಿನಿಂದಲೇ ಕೈ ಹಾಕುತ್ತದೆ. ಒಳಗೆ ಬೇರೆ ಚಪ್ಪರ ಹಾಕಿ.

ಕೆಳಗಿನ ಎರಡಡಿಗೆ ಬಲೆ ಇಲ್ಲ, ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಒಂದಡಿ ಮಣ್ಣಿನೊಳಗೆ, ಎರಡಡಿ ಮೇಲೆ, ಒತ್ತೊತ್ತಾಗಿ. ಹಂದಿಯ ಮೂತಿಗೂ ಮುಳ್ಳುಹಂದಿಯ ತೋಡಿಗೂ ಇದು ತಡೆ. ಇನ್ನೊಂದು ಕಾರಣವೂ ಇದೆ. ಬಲೆ ನೆಲ ಮುಟ್ಟಿದರೆ ಹಾವು ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಕೇರೆಹಾವು ಸಿಕ್ಕಿ ಅರ್ಧ ಗಂಟೆ ಕತ್ತರಿ ಹಿಡಿದು ಬಿಡಿಸಿದ್ದಾಯಿತು. ಹೆಗ್ಗಣ ತಿನ್ನುವ ಹಾವನ್ನು ಕೊಂದರೆ ನಷ್ಟ ಯಾರಿಗೆ? ದಬ್ಬೆ ಎರಡು ಮಳೆಗಾಲಕ್ಕೆ ಬುಡದಲ್ಲಿ ಕೊಳೆತು ಕುಂಬಾಗುತ್ತದೆ, ಬದಲಿಸಬೇಕು. ಎಲೆಚುಕ್ಕೆ ರೋಗದ ಪುಣ್ಯದಿಂದ ನಮ್ಮ ಕಡೆ ಸತ್ತ ಅಡಿಕೆ ಮರಕ್ಕೆ ಬರವಿಲ್ಲ. ದಬ್ಬೆಯ ಹೊರಗೆ ಹಳೆ ಸೋಲಾರ್ ಯಂತ್ರದ್ದೇ ಒಂದು ತಂತಿ, ಮೊಣಕಾಲಿಗಿಂತ ಕೆಳಗೆ. ಒಂದೇ ತಂತಿಯಾದ್ದರಿಂದ ಹುಲ್ಲು ಸವರುವುದೂ ಸುಲಭ. ಲೈನಿನಿಂದ ನೇರ ಕರೆಂಟ್ ಕೊಡುವ ಯೋಚನೆ ಮಾತ್ರ ಮಾಡಬೇಡಿ. ಅದು ಅಪರಾಧ, ಜನ ದನ ಎರಡೂ ಸತ್ತಿವೆ.

ಬಾಗಿಲು ಹೇಗೆ ಮಾಡಿದ್ದೇನೆ ಅಂತ ಬರೆಯುವುದಿಲ್ಲ. ಮಂಗನಿಗೆ ಚಿಲಕ ತೆಗೆಯಲು ಬರುತ್ತದೆ, ಅಷ್ಟು ಹೇಳುತ್ತೇನೆ. ನೋಡಬೇಕೆಂದರೆ ಮನೆಗೆ ಬನ್ನಿ. ಗಳದ ತುದಿಗೆ ಸವರುವ ಸಾಮಾನೊಂದಿದೆ, ಅದೂ ಬಂದವರಿಗೆ ಮಾತ್ರ.

ಒಟ್ಟು ಖರ್ಚು, ಕೂಲಿ ಸೇರಿ, ಇಪ್ಪತ್ತು ಸಾವಿರದೊಳಗೆ. ಬಿದಿರು, ದಬ್ಬೆ ಮನೆಯದೇ. ಕೊಳ್ಳುವವರಿಗೆ ಇನ್ನೊಂದು ಏಳೆಂಟು ಸಾವಿರ ಬೀಳಬಹುದು.

ಒಮ್ಮೆ ಸಣ್ಣ ಮರಿಯೊಂದು ಹೇಗೋ ಒಳಗೆ ಬಿತ್ತು. ಇಡೀ ಹಿಂಡು ಸುತ್ತುವರಿದು ಕಿರುಚಾಡಿತು. ಅಂಥ ಹೊತ್ತಲ್ಲಿ ಕೋಲು ಹಿಡಿದು ಹೋಗಬೇಡಿ. ಬಾಗಿಲು ತೆಗೆದಿಟ್ಟು ಮನೆಯೊಳಗೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಮರಿ ಹೊರಗೆ ಹೋಗಿತ್ತು, ಜೊತೆಗೆ ಒಂದಷ್ಟು ಬೆಂಡೆಕಾಯಿಯೂ.

ಮಧ್ಯೆ ಒಂದಿಷ್ಟು ಪ್ರಯೋಗ ನಡೆಸಿದೆ. ಒಂದು ಮೂಲೆಗೆ ಸಣ್ಣ ಕಣ್ಣಿನ ಕೀಟದ ಬಲೆ ಕಟ್ಟಿ ಸಿಹಿಗುಂಬಳ ಹಾಕಿದೆ. ಹೂವೋ ಹೂವು, ಕಾಯಿ ಇಲ್ಲ. ತುಡುವೆ ಜೇನು ಒಳಗೆ ಬರದಿದ್ದರೆ ಕಾಯಿ ಎಲ್ಲಿಂದ? ಬೆಳಿಗ್ಗೆ ಎದ್ದು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿದ್ದಕ್ಕೆ ನಾಲ್ಕು ಕಾಯಿ ಬಂತು. ಮೀನಿನ ಬಲೆಯ ಕಣ್ಣಲ್ಲಿ ತುಡುವೆ, ಮಿಸರಿ ಜೇನು ಆರಾಮಾಗಿ ಬರುತ್ತವೆ. ಪಿಕಳಾರ ಹಕ್ಕಿ ಬರುವುದಿಲ್ಲ, ಟೊಮೆಟೊ ಉಳಿಯುತ್ತದೆ. ಬಲೆಯ ಹೊರಗೆ ಅರಿಶಿನ, ಶುಂಠಿ ಹಾಕಿದ್ದೇನೆ. ಶುಂಠಿಯನ್ನು ಮಂಗ ಕೀಳುತ್ತದೆ, ಮೂಸುತ್ತದೆ, ಎಸೆಯುತ್ತದೆ. ತಿನ್ನುವುದಿಲ್ಲ. ಬಿದ್ದದ್ದನ್ನು ಮತ್ತೆ ನೆಟ್ಟರೆ ಆಯಿತು. ಆಫ್ರಿಕನ್ ಬಸವನಹುಳುವಿಗೆ ಬಲೆಯಿಂದ ಏನೂ ಉಪಯೋಗವಿಲ್ಲ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಹಾಕಿಡಿ, ಬೆಳಿಗ್ಗೆ ಆರಿಸಿ ಉಪ್ಪುನೀರಿಗೆ ಹಾಕಿ. ಕೈಗೆ ಕವಚ ಇರಲಿ.

ಬಲೆ ಬೇಕಾದವರು ಮಳೆಗಾಲದಲ್ಲಿ ವಿಚಾರಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಬಲೆ ರಿಪೇರಿಯ ಕಾಲ, ಹಳೆಯದು ಹೊರಗೆ ಬರುತ್ತದೆ. ತಂದ ಕೂಡಲೇ ಕಟ್ಟಬೇಡಿ. ಒಂದು ತಿಂಗಳು ಮಳೆಗೆ ಹರವಿಡಿ. ಉಪ್ಪೂ ವಾಸನೆಯೂ ಹೋಗುತ್ತದೆ, ಮನೆಯವರ ಮಾತೂ ಶುರುವಾಗುತ್ತದೆ.

ಹೆಗ್ಗಣ ಮಾತ್ರ ಇನ್ನೂ ದಬ್ಬೆಯ ಬುಡದಲ್ಲಿ ಬಿಲ ತೋಡುತ್ತಲೇ ಇದೆ. ಯಾರ ಹತ್ತಿರವಾದರೂ ಉಪಾಯ ಇದ್ದರೆ ತಿಳಿಸಿ. ವಿಷ ಬೇಡ, ಮನೆಯಲ್ಲಿ ಬೆಕ್ಕಿದೆ.