ಬಟ್ಟಲಿನ ತಳ ಬಿರಿಯುವುದು ನಿಂತದ್ದು ಹೀಗೆ

ಕುಂಬಾರಿಕೆಯ ಚಕ್ರದ ಮೇಲೆ ಮಣ್ಣಿನ ಬಟ್ಟಲು ಚೆಂದವಾಗಿಯೇ ಏಳುತ್ತಿತ್ತು. ಒಣಗಿದ ಮೇಲೆ ನೋಡಿದರೆ ತಳದಲ್ಲಿ ಹಾವಿನಂತೆ ಬಳುಕಿದ ಬಿರುಕು. ಸಾಲಾಗಿ 7 ಹೋದವು. ಮಣ್ಣನ್ನೇ ಬೈದೆ, ಪಾಪ, ಅದರ ತಪ್ಪೇನೂ ಇರಲಿಲ್ಲ.

ಗೋಡೆ ಎತ್ತುವಾಗ ಮಣ್ಣು ಬೆರಳುಗಳ ನಡುವೆ ಒತ್ತಿಕೊಂಡು ಬಿಗಿಯಾಗುತ್ತದೆ. ತಳಕ್ಕೆ ಆ ಒತ್ತಡ ತಾನಾಗಿ ಸಿಗುವುದಿಲ್ಲ. ಸಾಲದ್ದಕ್ಕೆ ನಾನು ಒಳಗೆ ನೀರು ನಿಲ್ಲಲು ಬಿಡುತ್ತಿದ್ದೆ. ಬಾಯಿಯ ಅಂಚು ಮೊದಲು ಒಣಗಿ ಗಟ್ಟಿಯಾದರೆ, ಹಸಿ ತಳ ಆಮೇಲೆ ಕುಗ್ಗಲು ಹೋಗಿ ಸೀಳುತ್ತಿತ್ತು.

ಈಗ ಮಣ್ಣಿನ ಮುದ್ದೆಯ ನಡುವೆ ಕುಳಿ ಮಾಡಿ ತಳ ತೆರೆದ ಕೂಡಲೇ ಮರದ ಪಟ್ಟಿಯಿಂದ ನಡುವಿನಿಂದ ಅಂಚಿಗೆ, ಮತ್ತೆ ಅಂಚಿನಿಂದ ನಡುವಿಗೆ ನಾಲ್ಕೈದು ಬಾರಿ ಒತ್ತುತ್ತೇನೆ. ನಿಂತ ನೀರನ್ನು ಸ್ಪಂಜಿನಿಂದ ತೆಗೆಯುತ್ತೇನೆ. ಅಂಚು ಭಾರ ತಡೆಯುವಷ್ಟು ಗಟ್ಟಿಯಾದೊಡನೆ ಬೋರಲು ಹಾಕಿ, ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸುತ್ತೇನೆ.

ಆಮೇಲಿನ 12ರಲ್ಲಿ ಬಿರಿದದ್ದು ಒಂದೇ. ಅಂದು ಅವಸರದಲ್ಲಿ ತಳ ಒತ್ತಿರಲಿಲ್ಲ.