ನಿಲ್ಲು ಅಂದರೂ ನಿಲ್ಲದ ಕಂಟೇನರ್

ನಾನು ಕೈ ಹಾಕಿದ ಓಪನ್ ಸೋರ್ಸ್ ಲೈಬ್ರರಿಗೆ ಆಗ ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್) ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ. ಸ್ಟಾರ್ಟ್, ಪಾಸ್ (ಸ್ವಲ್ಪ ಹೊತ್ತು ತಡೆಯೋದು), ರೆಸ್ಯೂಮ್, ಸ್ಟಾಪ್ ಅನ್ನೋ ಅದೇ ನಾಲ್ಕು ಕರೆಗಳು ಕಂಟೇನರ್‌ಗೂ ನಡೆಯೋ ಹಾಗೆ ಮಾಡಬೇಕಿತ್ತು. ಕಂಟೇನರ್ ಅಂದರೆ ಅದೇ ಕರ್ನೆಲ್ (ಲಿನಕ್ಸ್‌ನ ತಿರುಳು) ಮೇಲೆ ಬೇಲಿ ಹಾಕಿ ಬೇರೆಯಾಗಿ ಓಡಿಸೋ ಪ್ರೋಸೆಸ್‌ಗಳ, ಅಂದರೆ ಓಡುತ್ತಿರೋ ಪ್ರೋಗ್ರಾಂಗಳ, ಗುಂಪು. ಇಂಥದ್ದೇ ಕೆಲಸ ಮಾಡೋ ಲಿಬ್‌ವರ್ಟ್ ಅನ್ನೋ ಇನ್ನೊಂದು ಲೈಬ್ರರಿಯಲ್ಲಿ 2008ರಲ್ಲೇ ಎಲ್‌ಎಕ್ಸ್‌ಸಿ (ಲಿನಕ್ಸ್ ಕಂಟೇನರ್) ಡ್ರೈವರ್ ಬಂದಿತ್ತು. ಆ ಕೋಡ್ ಪಕ್ಕದಲ್ಲಿಟ್ಟುಕೊಂಡು ಕೂತೆ. ಒಂದು ವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ, ನಗಬೇಡಿ.

ಸ್ಟಾರ್ಟ್ ಬೇಗ ಆಯಿತು. ಹೊಸ ಪ್ರೋಸೆಸ್ ಹುಟ್ಟಿಸೋ ಕ್ಲೋನ್ ಕರೆಗೆ ನೇಮ್‌ಸ್ಪೇಸ್ (ಪ್ರೋಸೆಸ್‌ಗೆ ಏನೇನು ಕಾಣಬೇಕು ಅನ್ನೋದರ ಬೇಲಿ) ಫ್ಲ್ಯಾಗ್‌ಗಳನ್ನು ಕೊಟ್ಟರೆ ಹೊಸ ಪ್ರೋಸೆಸ್ ತನ್ನದೇ ಲೋಕದಲ್ಲಿ ಹುಟ್ಟುತ್ತೆ. ಆದರೆ ಅದು ತಕ್ಷಣ ಓಡಬಾರದು. ನೆಟ್‌ವರ್ಕ್ ಕಾರ್ಡನ್ನು ಹೊರಗಿನಿಂದ ಒಳಗೆ ತಳ್ಳಬೇಕು, ಸಿಗ್ರೂಪ್‌ಗೆ (ಪ್ರೋಸೆಸ್‌ಗಳನ್ನು ಗುಂಪಾಗಿ ಹಿಡಿತದಲ್ಲಿಡೋ ಕರ್ನೆಲ್ ವ್ಯವಸ್ಥೆ) ಸೇರಿಸಬೇಕು. ಅದಕ್ಕೆ ಎರಡು ಪ್ರೋಸೆಸ್‌ಗಳ ನಡುವೆ ಬೈಟ್ ಸಾಗಿಸೋ ಒಂದು ಪೈಪ್ ಇಟ್ಟೆ. ಮಗು (ಹೊಸ ಪ್ರೋಸೆಸ್) ಓದುತ್ತಾ ಕಾಯುತ್ತೆ, ತಾಯಿ (ಅದನ್ನು ಹುಟ್ಟಿಸಿದ ಪ್ರೋಸೆಸ್) ಎಲ್ಲ ಮುಗಿಸಿ ಒಂದು ಬೈಟ್ ಬರೆದರೆ ಮುಂದೆ ಹೋಗುತ್ತೆ. ತಾಯಿ ನಡುವೆ ಸತ್ತರೆ ಪೈಪ್ ಮುಚ್ಚಿಕೊಂಡು ಮಗುವೂ ಹೊರಡಬೇಕು. ಹೊರಡಲಿಲ್ಲ! ಪೈಪಿನ ಬರೆಯುವ ತುದಿಯ ಒಂದು ಪ್ರತಿ ಮಗುವಿನ ಕೈಯಲ್ಲೇ ಉಳಿದಿತ್ತು. ತನ್ನಿಂದಲೇ ಬರೋ ಬೈಟ್‌ಗೆ ಅದು ಕಾಯುತ್ತಿತ್ತು. ಸರಿಮಾಡಿದ್ದು ಒಂದೇ ಒಂದು ಕ್ಲೋಸ್ ಕರೆಯಿಂದ. ಹುಡುಕೋಕೆ ಮಾತ್ರ ಎರಡು ದಿನ.

ಪ್ರತಿ ಕಂಟೇನರ್‌ಗೂ ಒಂದು ಪುಟ್ಟ ಕಂಟ್ರೋಲರ್ ಪ್ರೋಸೆಸ್ ಇಟ್ಟೆ. ಹಿನ್ನೆಲೆಯಲ್ಲಿ ಓಡೋ ಮುಖ್ಯ ಪ್ರೋಗ್ರಾಂ, ಅಂದರೆ ಡೀಮನ್, ರೀಸ್ಟಾರ್ಟ್ ಆದರೂ ಒಳಗಿನ ಕೆಲಸ ನಿಲ್ಲಬಾರದಲ್ವಾ? ಡೀಮನ್ ವಾಪಸ್ ಬಂದಾಗ ಫೈಲ್‌ನಲ್ಲಿ ಬರೆದಿಟ್ಟ ಪಿಐಡಿಯನ್ನು (ಪ್ರೋಸೆಸ್‌ನ ನಂಬರ್) ಸುಮ್ನೆ ನಂಬಬಾರದು, ಆ ನಂಬರ್ ಅಷ್ಟರಲ್ಲಿ ಬೇರೆ ಯಾರದೋ ಆಗಿರಬಹುದು. ಹಾಗಾಗಿ ಪ್ರೋಸೆಸ್ ಶುರುವಾದ ಸಮಯವನ್ನೂ ಜೊತೆಗೆ ಬರೆದಿಟ್ಟು ಎರಡನ್ನೂ ಹೋಲಿಸಿ ನೋಡುತ್ತೇನೆ.

ನನ್ನನ್ನು ಜಾಸ್ತಿ ಕಾಡಿದ್ದು ಸ್ಟಾಪ್. ಟೆಸ್ಟ್ ಕಂಟೇನರ್ ಒಳಗೆ ಇದ್ದದ್ದು ಬರೀ ಒಂದು ಸ್ಲೀಪ್ ಕಮಾಂಡ್, ಸುಮ್ನೆ ಕಾಯೋದಷ್ಟೇ ಅದರ ಕೆಲಸ. ಮುಗಿಸು ಅಂತ ಕೇಳೋ ಸಿಗ್‌ಟರ್ಮ್ ಸಿಗ್ನಲ್ ಕಳಿಸಿದೆ. ಏನೂ ಆಗಲಿಲ್ಲ. ಮತ್ತೆ ಕಳಿಸಿದೆ, ಆರಾಮಾಗಿ ಮಲಗಿತ್ತು. ಕಂಟೇನರ್ ಒಳಗೆ ಅದು ಪಿಐಡಿ 1, ಅಂದರೆ ಮೊದಲ ಪ್ರೋಸೆಸ್. ತಾನಾಗಿ ಹ್ಯಾಂಡ್ಲರ್ ಹಾಕಿಕೊಳ್ಳದ ಸಿಗ್ನಲ್ ಅದಕ್ಕೆ ತಟ್ಟುವುದೇ ಇಲ್ಲ, ಹೊರಗಿನಿಂದ ಬರುವ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲೋದು) ಮತ್ತು ಸಿಗ್‌ಸ್ಟಾಪ್ (ಬಲವಂತವಾಗಿ ತಡೆಯೋದು) ಬಿಟ್ಟು. ಈಗ ಮೊದಲು ಸಿಗ್‌ಟರ್ಮ್, 10 ಸೆಕೆಂಡ್ ಕಾದು ಸಿಗ್‌ಕಿಲ್. ಪಿಐಡಿ 1 ಸತ್ತರೆ ಆ ನೇಮ್‌ಸ್ಪೇಸಿನ ಉಳಿದ ಪ್ರೋಸೆಸ್‌ಗಳನ್ನೆಲ್ಲ ಕರ್ನೆಲ್ ತಾನೇ ಮುಗಿಸುತ್ತೆ. ಅಷ್ಟರಮಟ್ಟಿಗೆ ಕೆಲಸ ಹಗುರ.

ಮುಗೀತು ಅಂದುಕೊಂಡು ಪ್ಯಾಚ್ (ನನ್ನ ಕೋಡ್ ಬದಲಾವಣೆ) ಕಳಿಸಿದೆ. ರಿವ್ಯೂ ಮಾಡಿದವರು ಒಂದೇ ಸಾಲು ಬರೆದಿದ್ದರು: ಪಾಸ್ ಮಾಡಿ, ಆಮೇಲೆ ಸ್ಟಾಪ್ ಮಾಡಿ ನೋಡಿದ್ದೀರಾ? ನೋಡಿರಲಿಲ್ಲ. ಪಾಸ್ ಅಂದರೆ ಸಿಗ್ರೂಪ್‌ನ ಫ್ರೀಜರ್ ಬಳಸಿ ಪ್ರೋಸೆಸ್‌ಗಳನ್ನು ಇದ್ದಲ್ಲೇ ಹೆಪ್ಪುಗಟ್ಟಿಸೋದು, ರೆಸ್ಯೂಮ್ ಅಂದರೆ ಕರಗಿಸೋದು. ಹಳೇ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ ಪ್ರೋಸೆಸ್‌ಗೆ ಸಿಗ್‌ಕಿಲ್ ಕಳಿಸಿದರೂ, ಕರಗಿಸುವ ತನಕ ಅದು ಸಾಯುವುದಿಲ್ಲ. ನನ್ನ ಕೋಡ್ ಅದು ಸಾಯಲಿ ಅಂತ ಕಾಯುತ್ತಾ ತಾನೇ ಹೆಪ್ಪುಗಟ್ಟಿ ಕೂತಿತ್ತು. ಸಿಗ್ರೂಪ್ ಎರಡನೇ ಆವೃತ್ತಿಯಲ್ಲಿ ಈ ತೊಂದರೆ ಇಲ್ಲ, ಆದರೆ ಹಳೇ ಕರ್ನೆಲ್‌ಗಳನ್ನು ಬಿಡುವ ಹಾಗಿರಲಿಲ್ಲ. ಮೊದಲು ಸಿಗ್‌ಕಿಲ್, ಅದರ ಹಿಂದೆಯೇ ಕರಗಿಸುವ ಆದೇಶ ಅಂತ ಬದಲಿಸಿದೆ. ಎಚ್ಚರವಾಗೋದೇ ತಡ, ಹೋಯಿತು.